ಒಳ್ಳೆಯ ಬೂಟು ಸಿಗದಿರಲಿ

ಮಿರಜದ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊನ್ನೆ ನಾನು ಮನಸ್ಸಿನಲ್ಲೇ ಕೈಮುಗಿದು ಬೇಡಿಕೊಂಡೆ: ದೇವರೇ, ನನ್ನ ಗಂಡನ ಕಾಲಿಗೆ ಹೊಂದುವ ಬೂಟು ಈ ಊರಲ್ಲೇ ಇಲ್ಲದಂತೆ ಮಾಡು.

ನಗಬೇಡಿ. ಕಾರಣ ಹೇಳ್ತೀನಿ.

ನಮ್ಮ ಮನೆಯವರು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಕಬ್ಬು ನುರಿಸುವ ಹಂಗಾಮು ಇರುವಷ್ಟು ದಿನ ಮನೆಯಲ್ಲಿರ್ತಾರೆ. ಡ್ಯೂಟಿ ಮುಗಿಸಿ ಬಂದರೆ ಮೈಯೆಲ್ಲ ಪಾಕದ ವಾಸನೆ. (ನನಗೆ ಬೇರೆ ಅತ್ತರು ಯಾಕೆ?) ಕಬ್ಬು ಮುಗಿಯಿತೋ, ಇವರ ಕೆಲಸವೂ ಮುಗಿಯಿತು. ಆಮೇಲೆ ಕಂಟ್ರಾಕ್ಟರ್ ಕಡೆ ಸೇರಿ, ಯಾವುದೋ ದೂರದ ಊರಲ್ಲಿ ಕರೆಂಟಿನ ಟವರ್ ಹತ್ತಬೇಕು. ಮುಂದಿನ ಹಂಗಾಮಿನವರೆಗೆ ನನಗೆ ಫೋನೇ ಗಂಡ.

ಕಾರ್ಖಾನೆಗೆ ಕೊನೆಯ ಕಬ್ಬಿನ ಗಾಡಿ ಬಂದ ದಿನ ಎಲ್ಲರೂ ಗುಲಾಲು ಹಾರಿಸ್ತಾರೆ. ನಾನು ಬಾಗಿಲು ಹಾಕಿಕೊಂಡು ಕೂರ್ತೀನಿ.

ಈ ಸಲ ಕಂಟ್ರಾಕ್ಟರ್ ಫೋನಿನಲ್ಲೇ ಗದರಿದ: "ಬೂಟ್ ನಾಹೀ, ತರ್ ಯೇಊ ನಕೋ!" ಟವರ್ ಹತ್ತುವ ಸರಿಯಾದ ಬೂಟಿಲ್ಲದೆ ಬರಲೇಬೇಡ ಅಂತ. ಆಹಾ, ಎಂಥ ಒಳ್ಳೆಯ ಮನುಷ್ಯ ಅನ್ನಿಸಿತು ನನಗೆ. ಬೂಟು ಸಿಗದಿದ್ದರೆ ಹೋಗೋದೇ ಬೇಡವಲ್ಲ! ಮಿರಜದಿಂದ ಸಂಜೆಯ ಟ್ರೇನಿಗೆ ಟಿಕೆಟ್ ಆಗಿತ್ತು. ನಾನೂ ಬರ್ತೀನಿ ಅಂತ ಇವರ ಜೊತೆ ನಮ್ಮೂರು ಆರಗದಲ್ಲಿ ಬಸ್ ಹತ್ತಿದೆ.

ಅಂಗಡಿಯ ಸಾವಕಾರರು ನಮ್ಮ ಕನ್ನಡದವರೇ. "ಬರ್ರಿ, ಕುಂದ್ರಿ" ಅಂತ ಒಂದು ಜೋಡಿ ಕೆಳಗಿಳಿಸಿದರು. ಇವರು ಹಾಕಿಕೊಂಡು, ಅಲ್ಲೇ ಗೋಡೆಗೆ ಒರಗಿಸಿದ್ದ ಕಬ್ಬಿಣದ ಏಣಿ ಹತ್ತಿ ನಿಂತರು. ಅಂಗಾಲಿಗೆ ಮೆಟ್ಟಿಲು ಒತ್ತಲಿಲ್ಲ. ಹಿಮ್ಮಡಿ ಗಟ್ಟಿಯಾಗಿ ಕಚ್ಚಿಕೊಂಡಿತು.

"ಇದು ಚಲೋ ಐತಿ," ಅಂದರು.

"ಬ್ಯಾಡ್ರಿ. ಬೆರಳು ಒತ್ತತಾವು," ಅಂದೆ ನಾನು.

"ಬೆರಳು ನನ್ನವು. ನನಗೇನೂ ಒತ್ತವಲ್ಲವು."

"ಈಗ ಗೊತ್ತಾಗಂಗಿಲ್ರಿ. ಇಳಿಯುಮುಂದ ಒತ್ತತಾವು."

ಎರಡನೆಯದು ಭಾರ ಅಂದೆ. ಮತ್ತೊಂದರ ಸೋಲ್ ಜಾರುತ್ತೆ ಅಂದೆ. ಇನ್ನೊಂದಕ್ಕೆ ಏನೂ ತೋಚದೆ, ಬಣ್ಣ ಸರಿಯಿಲ್ಲ ಅಂದುಬಿಟ್ಟೆ. (ಟವರ್ ಮೇಲೆ ಬಣ್ಣ ನೋಡೋರು ಯಾರು? ಕಾಗೆಗಳಾ?) ಸಾವಕಾರರು ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು.

"ಅಕ್ಕಾರ, ಟವರ್ ಹತ್ತವ್ರು ಅವರೋ, ನೀವೋ?"

ನಾನು ಬಗ್ಗಲಿಲ್ಲ. ಟ್ರೇನಿನ ಹೊತ್ತು ಹತ್ತಿರಾಗ್ತಿತ್ತು. ಇನ್ನೊಂದಿಷ್ಟು ತಡೆದರೆ ಗೆದ್ದೆ. ಇವರು ಮನೆಯಲ್ಲಿದ್ದರೆ, ನಾನು ರೊಟ್ಟಿ ಬಡಿಯುವಾಗ ಬಾಗಿಲಿಗೆ ಒರಗಿ ನಿಂತು ಏನಾದರೂ ಹರಟ್ತಾರೆ, ಎದುರಿಗೆ ಕೂತು ಉಣ್ತಾರೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಅಷ್ಟರಲ್ಲಿ ಇವರು ತಮ್ಮ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳತೊಡಗಿದರು.

"ಆತು ಬಿಡು. ಇದರಾಗ ಹೋಗ್ತೀನಿ. ಅಲ್ಲಿ ಹೆಂಗರ ಹೊಂದಿಸ್ಕೋತೀನಿ."

ನಾನು ಆ ಶೂ ನೋಡಿದೆ. ಅಡಿ ಸವೆದು ರೊಟ್ಟಿ ಹಂಚಿನ ಹಾಗೆ ನುಣ್ಣಗಾಗಿತ್ತು. ಪಕ್ಕದಲ್ಲಿ ಕಿರುಬೆರಳು ಕಾಣುವಷ್ಟು ಹರಿದಿತ್ತು. ಇದನ್ನು ಹಾಕಿಕೊಂಡು, ಆ ಗಾಳಿಯಲ್ಲಿ, ಅಷ್ಟು ಎತ್ತರಕ್ಕೆ? ಬೂಟು ಸಿಗದಿದ್ದರೂ ಈ ಮನುಷ್ಯ ಹೋಗುವವರೇ.

"ಸಾವಕಾರ್ರ, ಆ ಮೊದಲನೇ ಜೋಡಿ ಕೊಡ್ರಿ," ಅಂದೆ.

"ಬೆರಳು ಒತ್ತತಾವಂದ್ರಲ್ಲ?"

"ಒತ್ತಂಗಿಲ್ರಿ. ಅವೇ ಸರಿ ಅದಾವು."

ಇವರು ಬಗ್ಗಿ ಲೇಸ್ ಕಟ್ಟುತ್ತಾ, ಮುಖ ಎತ್ತದೆ ಮೆಲ್ಲಗೆ ಅಂದರು: "ನನಗರ ಎಲ್ಲಿ ಹೋಗು ಮನಸೈತಿ?"

ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಅಂದವರಲ್ಲ. ಅಂಗಡಿಯಲ್ಲೇ ಅತ್ತುಬಿಡ್ತಿದ್ದೆ. ಸಾವಕಾರರು ಪುಣ್ಯಾತ್ಮರು, ಡಬ್ಬಿ ಎತ್ತಿಡುವ ನೆಪ ಮಾಡಿ ಆಚೆ ತಿರುಗಿದರು.

ಹೊರಟವರಿಗೆ ನಾವು ಮಾಡೋದೆಲ್ಲ ಹೀಗೇ ಅಲ್ವಾ? ಹೋಗಬಾರದು ಅಂತ ಜೀವ ಒಳಗೇ ಒದ್ದಾಡುತ್ತೆ. ಕೈ ಮಾತ್ರ ಶೇಂಗಾ ಚಟ್ನಿ ಕುಟ್ಟುತ್ತೆ, ಬ್ಯಾಗಿನ ಜಿಪ್ ಎಳೆದು ನೋಡುತ್ತೆ, ಬೇಡ ಬೇಡ ಅಂದರೂ ಒಂದು ಸ್ವೆಟರ್ ತುರುಕುತ್ತೆ.

ಟ್ರೇನ್ ಸರಿಯಾದ ಹೊತ್ತಿಗೇ ಬಂತು. (ಬೇಡವಾದಾಗ ಅದು ಎಂದೂ ಲೇಟಾಗಲ್ಲ.) ಇವರು ಹೊಸ ಬೂಟು ಹಾಕಿಕೊಂಡೇ ಬೋಗಿ ಹತ್ತಿದರು. ಕಾಲು ಒಂದಿಷ್ಟೂ ಜಾರಲಿಲ್ಲ.

ನೀವೇ ಹೇಳಿ, ಇಲ್ಲೇ ಇರಲಿ ಅಂತ ನಾನು ಹಂಬಲಿಸೋ ಮನುಷ್ಯನಿಗೆ, ದೂರ ಹೋಗೋಕೆ ತಕ್ಕ ಬೂಟನ್ನು ನಾನೇ ಆರಿಸಿ ಕೊಡಬೇಕಿತ್ತಾ?