ಬಾಯಿಯಿಂದ ಕೆಡಿಸಿದ ಕಾರು

ಉದಗೀರಿನಲ್ಲಿ ಸಿಕ್ಕಿದ್ದ ಒಳ್ಳೆಯ ಕಾರನ್ನು ಕೆಡಿಸಿದವನು ನಾನೇ. ನಟ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ, ಬರೀ ಬಾಯಿಯಿಂದ ಕೆಡಿಸಿದೆ.

ಉಮರ್ಗಾದಲ್ಲಿ ನಮ್ಮದು ಕಿರಾಣಿ ಅಂಗಡಿ. ಅವ್ವನ ತವರು ದೇವಣಿ. ಬಸ್ಸು ಹತ್ತಿದರೆ ಆಕೆಗೆ ವಾಂತಿ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಲು ಹೋದವಳು ತಾನೂ ಪಕ್ಕದಲ್ಲಿ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ಕಿಟಕಿ ತೆರೆದು ನಿಧಾನಕ್ಕೆ ಹೋಗುವ ಕಾರೊಂದು ಬೇಕಿತ್ತು. ಹೊಸದಕ್ಕೆ ಅಪ್ಪನ ಗಲ್ಲಾಪೆಟ್ಟಿಗೆ ಒಪ್ಪಲಿಲ್ಲ, ಹಳೆಯದನ್ನೇ ಹುಡುಕಿದೆವು.

ನನಗೋ ಎಲ್ಲರ ದನಿ ಅಣಕಿಸುವ ಚಟ. ಗಿರಾಕಿಗಳ ಕೆಮ್ಮು, ಕಂಡಕ್ಟರನ ಸೀಟಿ, ಅಪ್ಪ ಬೈದಾಗ ತೊದಲುವ ನನ್ನದೇ ದನಿ, ಒಂದನ್ನೂ ಬಿಟ್ಟಿಲ್ಲ. ಉದಗೀರಿನ ಕಾರನ್ನು ಓಡಿಸಿ ನೋಡುವಾಗ ಹಿಂದೆ ಕೂತು, ಬೆಲೆ ಇಳಿಯಲಿ ಎಂದು ಗಂಟಲೊಳಗೇ ಕೆಟ್ಟ ಇಂಜಿನ್ನಿನ ಸದ್ದು ಹೊರಡಿಸಿದೆ: ಖಟ್, ಖಟ್, ಖಟ್.

ತೊಗರಿ ಕಾಳನ್ನು ಕಡಿದು ನೋಡಿ ಕೊಳ್ಳುವ ಅಪ್ಪ, ಕಾರನ್ನು ಕಡಿಯಲಾಗದೆ ಕಣ್ಣು ಮುಚ್ಚಿ ಕೇಳುತ್ತಿದ್ದ. ಥಟ್ಟನೆ ಕಣ್ಣು ಬಿಟ್ಟ. "ಒಳಗ ಏನೋ ಬಡೀಲಾಕತ್ತದ. ಬ್ಯಾಡ್ರೀ."

ಮಾಲೀಕ ಬೆಲೆ ಇಳಿಸಿದ. ಅಪ್ಪ ಕೆಳಗಿಳಿದ. ಚಹಾದಂಗಡಿಯಲ್ಲಿ ನಾನು ನಿಜ ಹೇಳಿ, ಪುರಾವೆಗೆ ಖಟ್‌ಖಟ್ ಎಂದೆ. ಅಪ್ಪ ಬಸಿಯಲ್ಲಿದ್ದ ಚಹಾ ಚೆಲ್ಲಿಕೊಂಡು ವಾಪಸ್ ಓಡಿದ. ಅಷ್ಟರಲ್ಲಿ ಇನ್ನೊಬ್ಬರು ಇಳಿದ ಬೆಲೆಗೇ ಮಾತು ಮುಗಿಸಿದ್ದರು.

ಮುಂದಿನ ವಾರ ನಿಲಂಗಾದಲ್ಲಿ ಇನ್ನೊಂದು ಕಾರು. ಕಾರು ಹೊರಟದ್ದೇ ಖಟ್, ಖಟ್ ಶುರುವಾಯಿತು.

"ಸಾಕ್ ಮಾಡಲೇ!" ಅಪ್ಪ ತಿರುಗಿದ.

"ನಾ ಅಲ್ಲಪಾ!" ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಸದ್ದು ನಿಲ್ಲಲಿಲ್ಲ.

"ಈಗ ಮೂಗಿನಾಗ ಮಾಡ್ಲಾಕತ್ತೀಯೇನು?"

ಕಾರಿನವನಿಗೆ ಹಬ್ಬ. "ಶೇಟಜೀ, ಗಾಡಿ ಏಕದಮ್ ಚಾಂಗಲೀ ಆಹೆ, ಭಾಳ ಚಲೋ ಅದ. ನಿಮ್ಮ ಹುಡುಗ ಭಾರಿ ಕಲಾಕಾರ ಇದ್ದಾನ್ರೀ!"

ಅಪ್ಪನ ಕೈ ಆಗಲೇ ಮುಂಗಡದ ಬಯಾನಾ ಕೊಡಲು ಜೇಬಿಗೆ ಹೋಗಿತ್ತು. ಬೇರೆ ದಾರಿ ಕಾಣದೆ ಕಾರು ನಿಲ್ಲಿಸಲು ಹೇಳಿ ಇಳಿದೆ. "ನನ್ನ ಬಿಟ್ಟು ಒಂದು ಸುತ್ತ ಹೊಡ್ದು ಬರ್ರಿ." ಹೋದರು. ತಿರುವಿನಲ್ಲಿ ಕಾರು ಕಾಣುವ ಮೊದಲೇ ಖಟ್‌ಖಟ್ ಕೇಳಿಸಿತು. ಆಮೇಲೆ ಅಪ್ಪನ ಮುಖ ಬಂತು. ಆ ಮುಖವನ್ನು ಅಣಕಿಸಲು ಇಂದಿಗೂ ನನಗೆ ಧೈರ್ಯವಿಲ್ಲ.

ಮೂರನೆಯದು ನಮ್ಮೂರಲ್ಲೇ ಇತ್ತು. ಈ ಸಲ ಅವ್ವ ತಾನೂ ಬಂದಳು. ಎಲೆ, ಅಡಿಕೆ, ಸುಣ್ಣ ಸೇರಿಸಿ ನಿಂಬೆಹಣ್ಣಿನ ಗಾತ್ರದ ವಿಡಾ ಮಾಡಿ ನನ್ನ ಬಾಯಿಗೆ ತುರುಕಿದಳು. "ಇಳಿಯೂ ತನಕ ಉಗುಳಿದಿ ಅಂದ್ರ ನೋಡು." ಉಸಿರಾಡುವುದೇ ಕಷ್ಟ, ಇನ್ನು ಖಟ್‌ಖಟ್ ಎಲ್ಲಿಂದ ಬರಬೇಕು? ಇಡೀ ಊರು ಸುತ್ತಿದರೂ ಇಂಜಿನ್ ಒಂದೂ ಅಪಸ್ವರ ಎತ್ತಲಿಲ್ಲ. ಈಗ ಅದೇ ಕಾರಿನಲ್ಲಿ ಅವ್ವ ದೇವಣಿಗೆ ಹೋಗಿ, ಅಜ್ಜಿಯ ಮಗ್ಗುಲಲ್ಲಿ ನೆಟ್ಟಗೆ ಕೂತು ನನ್ನ ಕಥೆ ಹೇಳುತ್ತಾಳೆ.

ಅವತ್ತು ಹೊರಡುವ ಮೊದಲು ಮಾಲೀಕ ಮಾತ್ರ ಚಾವಿ ತಿರುಗಿಸದೆ ಕಾರಿನ ಗುಣಗಾನ ಮಾಡುತ್ತಲೇ ಇದ್ದ. ನಡುವೆ ಉಬ್ಬಿದ ನನ್ನ ಕೆನ್ನೆ ನೋಡಿ ಕೇಳಿದ, "ಹುಡುಗ ಮಾತಾಡಂಗಿಲ್ಲೇನ್ರೀ ಅಕ್ಕಾ?"

ಅವ್ವ ಸೆರಗು ಸರಿಮಾಡಿಕೊಂಡಳು.

"ಅಂವಂದು ಇಂಜಿನ್ ಬಂದ್ ಮಾಡೀನ್ರೀ ಅಣ್ಣಾ. ಈಗ ನಿಮ್ಮ ಬಾಯಿ ಬಂದ್ ಮಾಡಿ ಗಾಡಿ ಚಾಲೂ ಮಾಡ್ರಿ."