ಬಿಸಿಲೆಗೆ ಕರೆದೊಯ್ದ ಮಿಸ್

ಮೊನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಿತ್ತಳೆ ಸುಲಿದರು. ಆ ಘಾಟು ಮೂಗಿಗೆ ಬಡಿಯಿತು. ನಮ್ಮ ಸಮಾಜ ಪಾಠದ ಮಿಸ್ ನನ್ನ ಬಾಯಿ ಮುಚ್ಚಿ ಹಿಡಿದ ದಿನ ಅವರ ಅಂಗೈಗೂ ಇದೇ ವಾಸನೆಯಿತ್ತು...

ನಾನಾಗ ಪಾಳ್ಯದ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಹನ್ನೊಂದು ಹುಡುಗಿಯರನ್ನು ಮಿಸ್ ವ್ಯಾನಿನಲ್ಲಿ ಸಕಲೇಶಪುರ ನೋಡಲು ಕರೆದುಕೊಂಡು ಹೋಗಿದ್ದರು. ಪೇಟೆ ಬೀದಿಯಲ್ಲಿ ನಿಲ್ಲಿಸಿ, "ಇಲ್ಲಿ ಎಷ್ಟು ಭಾಷೆ ಕೇಳುತ್ತೋ ಬರ್ಕೊಳ್ರೇ" ಅಂದರು. ತುಳು, ತಮಿಳು, ಬ್ಯಾರಿ, ಕೊಂಕಣಿ, ಉರ್ದು... ಪಕ್ಕದ ತಾಲೂಕಿನಲ್ಲಿದ್ದೂ ನನಗಿದು ಗೊತ್ತಿರಲಿಲ್ಲ. ಆಮೇಲೆ ಮಂಜರಾಬಾದ್ ಕೋಟೆ ಹತ್ತಿ ಇಳಿದೆವು. ಅಲ್ಲಿಂದ ವಾಪಸಾಗಬೇಕಿತ್ತು, ಹೆಡ್ ಮೇಷ್ಟ್ರು ಒಪ್ಪಿದ್ದು ಅಷ್ಟಕ್ಕೇ.

"ಬಿಸಿಲೆ ಬೆಟ್ಟನೂ ತೋರ್ಸಿ ಮಿಸ್, ಇಷ್ಟು ದೂರ ಬಂದೀವಲ್ಲ" ಎಂದು ದುಂಬಾಲು ಬಿದ್ದವಳು ನಾನು. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. "ಆಯ್ತು ನಡಿ" ಅಂದರು.

ಕಾಡಿನ ತಿರುವಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ರಸ್ತೆ ನಡುವೆ ಒಂಟಿ ಸಲಗ.

"ರಿವರ್ಸ್ ತಗೋತೀನಿ ಮಿಸ್." ಅವನ ಕೈ ಗೇರಿಗೆ ಹೋಯಿತು.

"ಬ್ಯಾಡ ಕಣಪ್ಪ, ಪಕ್ಕದಲ್ಲೇ ಕಂದಕ ಐತೆ. ಇಂಜಿನ್ ಆಫ್ ಮಾಡು."

ಆನೆ ಕಿವಿ ಅಗಲಿಸಿ ಮುಂದೆ ಬಂತು. ನಾನು ಕಿರುಚಲು ಬಾಯಿ ತೆರೆದೆ. ಆಗತಾನೆ ನಮಗೆಲ್ಲ ಕಿತ್ತಳೆ ಸುಲಿದುಕೊಟ್ಟಿದ್ದ ಮಿಸ್ ಕೈ ಹಿಂದಿನಿಂದ ನನ್ನ ಬಾಯನ್ನು ಒತ್ತಿ ಹಿಡಿಯಿತು. ಅವರ ಎದೆ ಹೊಡೆದುಕೊಳ್ಳುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಸೊಂಡಿಲು ಮುಂದಿನ ಗಾಜನ್ನು ಮುಟ್ಟಿತು, ಸವರಿತು... ಎಷ್ಟು ಹೊತ್ತೋ. ಕೊನೆಗೆ ಅದು ತಾನಾಗಿ ಬಿದಿರಿನೊಳಗೆ ಇಳಿದು ಹೋಯಿತು.

ಮರುದಿನ ಊರವರು ಶಾಲೆಗೆ ನುಗ್ಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವರು ನಮ್ಮಪ್ಪ. "ಯಾರನ್ನ ಕೇಳಿ ಕಾಡಿಗೆ ಕರ್ಕೊಂಡ್ ಹೋದ್ರಿ? ಹೆಣ್ ಮಕ್ಕಳಿಗೆ ಏನಾದ್ರೂ ಆಗ್ಬುಟ್ಟಿದ್ರೆ?"

ಬಾಗಿಲ ಹೊರಗೆ ನಿಂತಿದ್ದ ನನ್ನನ್ನು ಮಿಸ್ ಕಂಡರು. "ತೀರ್ಮಾನ ಮಾಡಿದ್ದು ನಾನು. ತಪ್ಪು ನಂದೇ" ಅಂದರು. ನಾನು ತುಟಿ ಬಿಚ್ಚಲಿಲ್ಲ. ತಿಂಗಳೊಳಗೆ ಅವರಿಗೆ ವರ್ಗವಾಯಿತು.

ಮೊನ್ನೆ ಬಸ್ಸಿಳಿದವಳೇ ಹಳೆಯ ಗೆಳತಿಯರಿಂದ ನಂಬರ್ ಪಡೆದು ಫೋನ್ ಮಾಡಿದೆ. ಎತ್ತಿದ್ದು ಅವರ ಮಗಳು. ಮಿಸ್ ತೀರಿಕೊಂಡು ಎರಡು ವರ್ಷವಾಯಿತಂತೆ. ತಡೆಯಲಾಗದೆ ಅವಳಿಗೇ ಎಲ್ಲ ಹೇಳಿದೆ, ಹಠ ಹಿಡಿದವಳು ನಾನೇ ಎಂಬುದನ್ನೂ.



"ಅಮ್ಮ ಆ ಆನೆ ವಿಷ್ಯ ಸುಮಾರು ಸಲ ಹೇಳವ್ರೆ ಅಕ್ಕ" ಅಂದಳು. "ಆದ್ರೆ ಬಿಸಿಲೆ ನೋಡೋ ಆಸೆ ಇದ್ದಿದ್ದು ತನಗೇ ಅಂತಿದ್ರು."

ಅದು ನಿಜವೋ, ಮನೆಯವರ ಮುಂದೆಯೂ ನನ್ನನ್ನು ಬಿಟ್ಟುಕೊಡಲಿಲ್ಲವೋ... ಕೇಳೋಣವೆಂದರೆ ಅವರಿಲ್ಲ.