ಹಾಡಿನಲ್ಲಿ ಸತ್ತವಳು

ಉದ್ದನಪಲ್ಲಿಯ ಸೂಲಗಿತ್ತಿ ಮುನಿರತ್ನಮ್ಮನಿಗೆ ಅಕ್ಷರ ಬಾರದು, ಬಾಯಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಎಲೆಯಡಿಕೆ ಜಗಿಯುತ್ತಾ, ಮೀಸೆ ತಿರುವುವ ಗಂಡಸನ್ನೂ "ನಿನ್ನ ಹೊಕ್ಕಳಬಳ್ಳಿ ಕುಯ್ದೋಳು ನಾನು ಕಣ್ಲಾ, ಸುಮ್ಕಿರು" ಎಂದು ಕೂರಿಸಬಲ್ಲವಳು. ಆದರೆ ಬಾಣಂತಿ ಕೋಣೆಯಲ್ಲಿ ಕಂಡದ್ದನ್ನು ಎಂದೂ ಹೊಸಿಲು ದಾಟಿಸಿದವಳಲ್ಲ. ಯಾರ ಬಸಿರು ನಿಂತಿತು, ಯಾರದು ಇಳಿಯಿತು, ಪ್ರಾಣ ಹೋದರೂ ಹೇಳಳು. ಆ ಒಳ್ಳೆಯ ಗುಣವೇ ಅವಳ ಕುತ್ತಿಗೆಗೆ ಬಂತು ನೋಡಿ.

ನಲವತ್ತಾರನೇ ಇಸವಿಯ ಮಾತು. ಬಚ್ಚಪ್ಪನ ಹೆಂಡತಿ ಅಂಜಮ್ಮ ಐದು ತಿಂಗಳ ಬಸುರಿ, ರಾಗಿ ಬೀಸುತ್ತಿದ್ದವಳಿಗೆ ರಕ್ತ ಹೋಗಿ ಬಸಿರು ಇಳಿದುಬಿಟ್ಟಿತು. ಮುನಿರತ್ನಮ್ಮ ಮೂರು ದಿನ ಅಲ್ಲೇ ಕೂತು ಆ ಹುಡುಗಿಯನ್ನು ಯಮನ ಬಾಯಿಂದ ಕಿತ್ತು ತಂದಳು. ಕೇಳಿದವರಿಗೆಲ್ಲ "ಜ್ವರ ಕಣ್ರೇ" ಎಂದಳು, ಅಷ್ಟೇ. ಊರು ಬಿಡುತ್ತದೆಯೇ? ಮದ್ದು ಕೊಟ್ಟು ಇಳಿಸಿದ್ದಾಳೆ, ಅದಕ್ಕೇ ಮುಚ್ಚಿಡುತ್ತಾಳೆ ಎಂದು ಗುಸುಗುಸು ಹಬ್ಬಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ!

ಅದು ಮುನಿಶಾಮಿಯ ಕಿವಿಗೂ ಬಿತ್ತು. ಎಲ್ಲಾದರೂ ಕೊಲೆ, ಸಾವು ಆಯಿತೆಂದರೆ ಅದರ ಮೇಲೆ ಹಾಡು ಕಟ್ಟಿ, ಅಚ್ಚು ಹಾಕಿಸಿ, ಸಂತೆಗಳಲ್ಲಿ ಕಂಜಿರ ಬಡಿದು ಹಾಡಿ ಪುಸ್ತಕ ಮಾರುವುದು ಅವನ ಕಸುಬು. ಗಡಿಸೀಮೆಯಲ್ಲವೇ, ಒಂದೇ ಹಾಡಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇರುತ್ತಿದ್ದವು. ಅವನ ಹೊಸ ಪುಸ್ತಕದಲ್ಲಿ ಅಂಜಮ್ಮ ವಿಧವೆಯಾದಳು. ಬಚ್ಚಪ್ಪನೋ, ಗುಂಡುಕಲ್ಲಿನ ಹಾಗೆ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದ! ಮುನಿರತ್ನಮ್ಮ ಗರ್ಭಘಾತಕಿಯಾದಳು. ಕೊನೆಯ ಹಾಳೆಯಲ್ಲಿ ಅಂಜಮ್ಮ ನರಳಿ ನರಳಿ ಸತ್ತಳು, ಪಕ್ಕದಲ್ಲಿ ಕೋರೆಹಲ್ಲಿನ ಮುದುಕಿಯೊಬ್ಬಳ ಚಿತ್ರವಿತ್ತು.

ಅಚ್ಚಾದ ಮೇಲೆ ಮುಗಿಯಿತಲ್ಲ. ಅಂಜಮ್ಮ ನೀರು ಸೇದುವುದನ್ನು ದಿನಾ ಕಾಣುವವರೂ "ಏನೂ ಇಲ್ದೆ ಪುಸ್ತಕದಾಗೆ ಹಾಕ್ತಾರಾ?" ಎಂದರು. ಆಮೇಲೆ ಒಂದು ಮನೆಯಿಂದಲೂ ಕರೆ ಬರಲಿಲ್ಲ. ಪಕ್ಕದ ಮನೆಯ ಸೊಸೆ ನೋವು ತಿನ್ನುವುದು ಗೋಡೆಯಾಚೆ ಕೇಳುತ್ತಿತ್ತು, ಮುನಿರತ್ನಮ್ಮ ಕೈಕಟ್ಟಿಕೊಂಡು ಕೂತು ಬಿಕ್ಕಿಬಿಕ್ಕಿ ಅತ್ತಳು. ನಿಜ ಹೇಳಿದರೆ ಅಂಜಮ್ಮನ ಒಳಗಿನ ಮಾತು ಬೀದಿಗೆ ಬೀಳುತ್ತದೆ. "ಹೋದ್ರೆ ನನ್ನ ಹೆಸ್ರೇ ಹೋಗ್ಲಿ" ಎಂದುಕೊಂಡಳು.

ವರ್ಷ ತಿರುಗಿತು, ಅಂಜಮ್ಮ ಮತ್ತೆ ಬಸುರಿಯಾದಳು. ಹೆರಿಗೆಗೆ ಮುನಿರತ್ನಕ್ಕನೇ ಬರಬೇಕೆಂದು ಹಟ ಹಿಡಿದಳು. "ಅವ್ಳು ಹೊಸಿಲು ತುಳಿದ್ರೆ ಜನ ಏನಂತಾರೆ?" ಎಂದು ಅತ್ತೆ ವರಲಕ್ಷ್ಮಮ್ಮ ಖಡಾಖಂಡಿತವಾಗಿ ಬೇಡವೆಂದಳು.

ಏಳು ತುಂಬಿದಾಗ ಅತ್ತೆ ಸೊಸೆ ಇಬ್ಬರೂ ಗಾಡಿಯಲ್ಲಿ ರಾಯಕೋಟೆ ಸಂತೆಗೆ ಹೋದರು. ಹರಳೆಣ್ಣೆ ಕೊಳ್ಳಲು ಮುನಿರತ್ನಮ್ಮನೂ ಬಂದಿದ್ದಳು. ಹುಣಸೆಮರದಡಿ ಮುನಿಶಾಮಿಯ ಕಂಜಿರ ಕೇಳಿ ಅವಳು ತಲೆ ತಗ್ಗಿಸಿ ಸರಿದುಹೋಗುತ್ತಿದ್ದಾಗ ಗುಂಪಿನ ನಡುವೆ ಅಂಜಮ್ಮ ಕಂಡಳು. ಆ ಹಾಡನ್ನು ಅಂಜಮ್ಮ ಕೇಳಿದ್ದು ಅದೇ ಮೊದಲು. ಸಾವಿನ ಸಾಲು ಬಂತು, ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಿಲ್ಸಣ್ಣೋ!" ಅಂಜಮ್ಮ ಕೂಗಿದಳು. "ಉದ್ದನಪಲ್ಲಿ ಅಂಜಮ್ಮ ನಾನೇ. ಯಾವಾಗ ಸತ್ತೆ ನಾನು?"

ಕಂಜಿರ ನಿಂತಿತು.

"ಬ್ಯಾಡ ಕಣೇ, ಒಳಗಿನ ಮಾತು..." ಎಂದು ಮುನಿರತ್ನಮ್ಮ ಓಡಿಬಂದು ಅವಳ ಕೈ ಹಿಡಿದಳು.

"ನೀನು ಸುಮ್ಕಿರಕ್ಕ. ನನ್ನ ಮಾತು ನಾನು ಹೇಳ್ತೀನಿ." ಅಂಜಮ್ಮ ಗುಂಪಿನ ಕಡೆ ತಿರುಗಿದಳು. "ಮದ್ದೂ ಇಲ್ಲ, ಮಾಟಾನೂ ಇಲ್ಲ. ಬಸ್ರು ತಾನಾಗೇ ಇಳೀತು. ಹೆಂಗಸ್ರಿಗೆ ಆಗಾದಲ್ವಾ? ನಿಮ್ಮಲ್ಲಿ ಯಾರಿಗೂ ಆಗಿಲ್ವಾ? ಮೂರು ದಿನ ಕಣ್ಣು ಮುಚ್ದೆ ನನ್ನ ಬದುಕಿಸ್ದೋಳು ಇವ್ಳು!"

ಹೆಂಗಸರಲ್ಲಿ ಒಬ್ಬಳು "ನಂಗೂ ಆಗಿತ್ತು" ಎಂದಳು. ಇನ್ನೊಬ್ಬಳು "ನಂಗೆ ಎರಡು ಸಲ" ಎಂದಳು. ಎಷ್ಟೋ ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಸಂತೆಯಲ್ಲಿ ಹೊರಬಿತ್ತು.

ಮುನಿಶಾಮಿ ಬೆವರೊರೆಸಿಕೊಂಡ. "ಸಾವಿಲ್ದಿದ್ರೆ ಪುಸ್ತಕ ಯಾರು ಕೊಳ್ತಾರೆ ತಾಯಿ?"

"ಅದಕ್ಕೆ ನನ್ನ ಕೊಂದ್ಯಾ? ಹರಿಯೋ ಆ ಹಾಳೇನ!"

ಅವನೇನು ಹರಿಯುವುದು, ಹೆಂಗಸರೇ ಮುಗಿಬಿದ್ದು ಇದ್ದಬದ್ದ ಪುಸ್ತಕಗಳ ಕೊನೆಯ ಹಾಳೆಯನ್ನೆಲ್ಲ ಪರಪರ ಹರಿದು ಮುನಿರತ್ನಮ್ಮನ ಮಡಿಲಿಗೆ ತುಂಬಿದರು. ಒಂದೂವರೆ ವರ್ಷದಿಂದ ತಗ್ಗಿದ್ದ ಅವಳ ತಲೆ ಮೇಲೆದ್ದಿತು. "ಬದುಕಿರೋಳ ಮ್ಯಾಲೆ ಹಾಡು ಕಟ್ಟಿ ನೋಡ್ಲಾ, ಕಷ್ಟ ಗೊತ್ತಾಯ್ತದೆ" ಎಂದು ಮುನಿಶಾಮಿಯನ್ನು ಗದರಿದಳು. ಸಂತೆಗೆ ಸಂತೆಯೇ ನಕ್ಕಿತು.

ವರಲಕ್ಷ್ಮಮ್ಮ ಮೆಲ್ಲಗೆ ಹತ್ತಿರ ಬಂದು, "ತಪ್ಪಾಯ್ತು ಕಣಮ್ಮ, ನನ್ನ ಸೊಸೆ ಹೆರಿಗೆಗೆ ನೀನೇ ಬರ್ಬೇಕು" ಎಂದು ಕೈ ಹಿಡಿದಳು. "ಕರ್ಯೋದು ಯಾಕೆ, ನಾನೇ ಬತ್ತೀನಿ" ಎಂದಳು ಮುನಿರತ್ನಮ್ಮ.

ಎರಡು ತಿಂಗಳಿಗೆ ಅಂಜಮ್ಮನಿಗೆ ನೋವು ಬಂತು. ಮುನಿರತ್ನಮ್ಮ ಎಣ್ಣೆಯ ಕುಡಿಕೆಯ ಜೊತೆ ಒಂದು ಬಟ್ಟೆಗಂಟನ್ನೂ ತಂದಿದ್ದಳು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹೆಣ್ಣುಮಗುವೊಂದು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಹಂಡೆಯ ಒಲೆಯಲ್ಲಿ ಹಸಿ ಸೌದೆ ಹೊತ್ತದೆ ಹೊಗೆಯಾಡುತ್ತಿತ್ತು. ಮುನಿರತ್ನಮ್ಮ ಆ ಗಂಟು ಬಿಚ್ಚಿ, ಅಂಜಮ್ಮ ಸತ್ತಿದ್ದ ಹಾಳೆಗಳನ್ನು ಒಂದೊಂದಾಗಿ ಒಲೆಗೆ ತುರುಕಿದಳು. ಉರಿ ಭಗ್ಗನೆ ಎದ್ದಿತು. ಮಗುವಿನ ಮೊದಲ ಸ್ನಾನದ ನೀರು ಕಾದದ್ದು ಅದರಲ್ಲೇ.